ಕೆಮ್ಮು ನುಂಗಿದವನು

ಅವನು ಕಲ್ಲುಕುಟಿಗ. ಮನೆ ಕಟ್ಟುವ ಕಲ್ಲು ಒಡೆದವನಲ್ಲ, ಅವನ ಕೆಲಸ ಅಕ್ಷರದ್ದು. ಇಪ್ಪತ್ತೊಂಬತ್ತು ವರ್ಷ ಒಂದೇ ಬಂಡೆಯ ಮೇಲೆ ಅದೇ ಐದು ಹೆಸರು ಕೊರೆದ.

ಆ ಬಂಡೆ ಬೆಟ್ಟದ ಮೇಲಿದೆ. ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಬೇಕು. ಹಡಗಿನಲ್ಲಿ ದೊರೆಗಳು ಬರುತ್ತಿದ್ದ ಕಾಲದಲ್ಲಿ ಅಲ್ಲಿ ಐದು ಜನರನ್ನು ಕೊಂದರು. ನಾಲ್ವರು ಪರದೇಶದ ಗುರುಗಳು. ಐದನೆಯವನು ಈ ಕಡೆಯವನೇ, ಅವರ ಮಾತನ್ನು ಊರಿನ ಮಾತಿಗೆ ತಿರುಗಿಸಿ ಹೇಳುತ್ತಿದ್ದ ಉಪದೇಶಿ. ಗುರುಗಳ ಹಿಂದೆಯೇ ಬಂದೂಕಿನವರೂ ಬಂದಿದ್ದರು. ಯಾರ ಕೈಯಲ್ಲಿ ಪುಸ್ತಕ, ಯಾರ ಕೈಯಲ್ಲಿ ಬಂದೂಕು ಎಂದು ಬೇರೆ ಮಾಡಿ ನೋಡುವ ತಾಳ್ಮೆ ಊರವರಿಗೆ ಇರಲಿಲ್ಲ. ಐವರನ್ನೂ ಬಂಡೆಯ ಮೇಲೆ ಕಡಿದು ಹಾಕಿದರು. ಈಗ ಬಂಡೆಯ ಸುತ್ತ ಚರ್ಚು ಎದ್ದಿದೆ. ಅವರನ್ನು ರಕ್ತಸಾಕ್ಷಿಗಳು ಅನ್ನುತ್ತಾರೆ. ದೂರದೂರದಿಂದ ಜನ ಬಂದು ಮಂಡಿಯೂರುತ್ತಾರೆ.

ಬಂದವರು ಬರೀ ಮಂಡಿಯೂರಿ ಹೋಗುವುದಿಲ್ಲ. ಹೆಸರುಗಳನ್ನು ಸವರುತ್ತಾರೆ, ಮುತ್ತಿಡುತ್ತಾರೆ, ಹಣೆ ಒತ್ತುತ್ತಾರೆ. ಕಲ್ಲಾದರೇನು, ಅದಕ್ಕೂ ಒಂದು ತಾಳಿಕೆ ಇದೆ. ಎರಡು ವರ್ಷ ಬಿಟ್ಟರೆ ಅಕ್ಷರ ನುಣ್ಣಗಾಗಿ ಹೋಗುತ್ತದೆ. ಹಾಗಾಗಬಾರದೆಂದು ಅವನನ್ನು ಇಟ್ಟುಕೊಂಡಿದ್ದರು. ವಾರಕ್ಕೆ ಮೂರು ಮಧ್ಯಾಹ್ನ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಹಗ್ಗ ಕಟ್ಟಿ ಜಾಗ ಬಿಡಿಸಿಕೊಂಡು ಉಳಿ ಇಡುತ್ತಿದ್ದ. ಪರದೇಶದ ಹೆಸರು ಅವನಿಗೆ ಓದಲು ಬರುತ್ತಿರಲಿಲ್ಲ. ಕೈಗೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ಕೊರೆ ಅಂದರೂ ಕೊರೆಯುತ್ತಿದ್ದ. ಐದನೆಯ ಹೆಸರು ಎಲ್ಲಕ್ಕಿಂತ ಕೆಳಗಿತ್ತು, ಮಂಡಿಯೂರಿದವರ ಕೈಗೆ ಮೊದಲು ಸಿಗುವುದು ಅದೇ. ಅದೇ ಬೇಗ ಸವೆಯುತ್ತಿತ್ತು.

"ಕೊಂದವರೂ ನಮ್ಮೋರೇ ಕಣೇ," ಎಂದು ಹೆಂಡತಿಗೆ ಹೇಳುತ್ತಿದ್ದ. "ನಮ್ಮ ಮುತ್ತಾತನ ಮುತ್ತಾತನೂ ಒಂದು ಏಟು ಹಾಕಿರಬಹುದು. ನಾನಾದ್ರೂ ನೆಟ್ಟಗೆ ಹೆಸರು ಕೊರೀಬೇಡ್ವಾ?"

ಕೊರೆದಾಗ ಪುಡಿ ಬೀಳುತ್ತದಲ್ಲ, ಅದನ್ನು ಚೆಲ್ಲುವಂತಿರಲಿಲ್ಲ. ಕೆಳಗೆ ತಗಡಿನ ತಟ್ಟೆ ಇಟ್ಟು ಕೂದಲಿನ ಬ್ರಷ್ಷಿನಿಂದ ಗುಡಿಸಿ ಡಬ್ಬಿಗೆ ತುಂಬಿ ಮನೆಗೆ ತರುತ್ತಿದ್ದ. ಹೆಂಡತಿ ಅದನ್ನು ಕಾಗದದಲ್ಲಿ ಪೊಟ್ಟಣ ಕಟ್ಟುತ್ತಿದ್ದಳು. ಒಂದು ಚಿಟಿಕೆ ಪುಡಿ, ಐದು ಮಡಿಕೆ, ಅಂಟು ಹಚ್ಚಬಾರದು, ಸೋರಲೂ ಬಾರದು. ಅವಳ ಹಗಲಿನ ಕೆಲಸ ಯಾತ್ರಿಕರ ಛತ್ರದ ಚಾದರ ಒಗೆಯುವುದು. ಸಂಜೆಗೆ ಈ ಪೊಟ್ಟಣ. ಕಾಯಿಲೆಯವರು ಅದನ್ನು ನೀರಿಗೆ ಹಾಕಿಕೊಂಡು ಕುಡಿಯುತ್ತಿದ್ದರು. ಕೆಲವರಿಗೆ ವಾಸಿಯಾಯಿತು ಅನ್ನುತ್ತಿದ್ದರು. ಆಗದವರು ಹೇಳಲು ಬರುತ್ತಿರಲಿಲ್ಲ.

"ಮೂಗಿಗೆ ಒಂದು ಬಟ್ಟೆ ಕಟ್ಕೊಳ್ರೀ," ಅಂತ ಅವಳು ಮದುವೆಯಾದ ಹೊಸದರಲ್ಲಿ ಹೇಳಿದ್ದಳು.

"ಜನ ಕುಡಿಯೋ ಪುಡಿ ಇದು. ಇದಕ್ಕೆ ಮೂಗು ಮುಚ್ಕೊಂಡ್ರೆ ನೋಡಿದೋರು ಏನಂತಾರೆ?"

ಅವಳು ಮತ್ತೆ ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಿದ್ದನೋ ಏನೋ.

ಐವತ್ತೊಂದನೇ ವಯಸ್ಸಿನಲ್ಲಿ ಹಾಸಿಗೆ ಹಿಡಿದ. ಕೆಮ್ಮಿದರೆ ರಕ್ತ. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಎದೆಯೊಳಗೆ ಹಿಟ್ಟು ಚೆಲ್ಲಿದ ಹಾಗಿತ್ತು.

"ಕಲ್ಲಿನ ಪುಡಿ ಕೂತಿದೆಯಮ್ಮ. ಜೊತೆಗೆ ನೀರೂ ತುಂಬಿದೆ. ಮನೆಗೆ ಕರ್ಕೊಂಡು ಹೋಗಿ. ಏನು ಇಷ್ಟವೋ ಅದು ತಿನ್ನಿಸಿ."

ಏನು ಇಷ್ಟವೋ ಅದು ತಿನ್ನಿಸಿ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕರೆತಂದಳು. ಮಕ್ಕಳಿರಲಿಲ್ಲ, ಹೇಳಿಕಳಿಸಲು ಯಾರೂ ಇರಲಿಲ್ಲ. ಇದ್ದವಳು ಅವನ ತಂಗಿ ಒಬ್ಬಳು, ಬೆಟ್ಟದ ಬುಡದಲ್ಲಿ ಮೇಣದಬತ್ತಿ ಮಾರುವವಳು. ಅವಳು ದಿನಕ್ಕೆ ಮೂರು ಹೊತ್ತು ಬಂದು ಪೊಟ್ಟಣ ಬಿಚ್ಚಿ ನೀರಿಗೆ ಕಲಸಿ ಅಣ್ಣನಿಗೆ ಕುಡಿಸಿದಳು.

"ಎದೆ ತುಂಬ ಇರೋದು ಅದೇ ಪುಡಿ. ಇನ್ನೂ ಹೊಟ್ಟೆಗೂ ಹಾಕ್ತೀಯಾ?" ಅಂದಳು ಹೆಂಡತಿ.

"ನಿನಗೆ ಮೊದಲಿಂದ ನಂಬಿಕೆ ಕಮ್ಮಿ ಅತ್ತಿಗೆ. ಲೋಟ ಹಿಡ್ಕೋ."

ಹಿಡಿದುಕೊಂಡಳು. ಮುಳುಗುವವರು ಹುಲ್ಲುಕಡ್ಡಿ ಹಿಡಿಯುತ್ತಾರೆ, ಇವಳು ಲೋಟ ಹಿಡಿದಳು. ಚರ್ಚಿನ ಗುರುಗಳು ಪ್ರತಿ ಬಲಿಪೂಜೆಯಲ್ಲಿ ಅವನ ಹೆಸರು ಹೇಳಿದರು. ಯಾತ್ರಿಕರು ಜಪಸರ ಹಿಡಿದು ಕಿಟಕಿಯಾಚೆ ನಿಂತರು. ನಲವತ್ತೊಂದನೇ ದಿನ ಬೆಳಿಗ್ಗೆ ಅವನು ಎದ್ದು ಕೂತು, "ಸ್ನಾನಕ್ಕೆ ಬಿಸಿನೀರು ಕಾಯ್ಸು, ಮೈಯೆಲ್ಲ ನಾರ್ತಿದೆ" ಅಂದ.

ಎರಡು ತಿಂಗಳಿಗೆ ಮೆಟ್ಟಿಲು ಹತ್ತಿದ. ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ ಹಳೆಯದರ ಪಕ್ಕ ಹಿಡಿದರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದರು. ಬಿಳಿ ಅರ್ಧಕ್ಕರ್ಧ ಇರಲಿಲ್ಲ, ನೀರು ಪೂರಾ ಇರಲಿಲ್ಲ. ಇದು ಹೇಗಾಯಿತೋ ನನಗೆ ತಿಳಿಯದು ಎಂದು ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ಗುರುಗಳು ಆ ಹಾಳೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು.

ಅಂದಿನಿಂದ ಅವನ ಹೆಸರೇ ಹೋಯಿತು. ಎಲ್ಲರೂ ಪವಾಡ ಅಂತಲೇ ಕರೆದರು. ಕ್ಷೌರದ ಅಂಗಡಿಯವನು, "ಪವಾಡದ ಗಡ್ಡಕ್ಕೆ ಹಳೇ ಬ್ಲೇಡೇ ಸಾಕು ಬಿಡ್ರೋ, ಕೊಯ್ದರೂ ತಾನೇ ಮಾಯುತ್ತೆ" ಅಂತ ನಗಿಸುತ್ತಿದ್ದ. ಬಸ್ಸಿಳಿದ ಯಾತ್ರಿಕರು ಬಂಡೆ ನೋಡುವ ಮೊದಲು ಇವನನ್ನು ಹುಡುಕುತ್ತಿದ್ದರು. ಎದೆ ಮುಟ್ಟಲೇ ಅಂತ ಕೇಳುತ್ತಿದ್ದರು. ಅವನು ನಾಚಿ ಅಂಗಿಯ ಗುಂಡಿ ಹಾಕಿಕೊಂಡು ನಿಲ್ಲುತ್ತಿದ್ದ, ಫೋಟೋಗೆ ನಿಲ್ಲಿಸಿದ ಮಗುವಿನ ಹಾಗೆ. ಆ ತನಕ ಅವನನ್ನು ಯಾರೂ ಯಾವುದಕ್ಕೂ ಹುಡುಕಿದ್ದಿಲ್ಲ.

ಅವಳಿಗೂ ಚೆನ್ನಾಗಿತ್ತು. ನಲ್ಲಿಯ ಹತ್ತಿರ ಹೆಂಗಸರು ಜಾಗ ಬಿಡುತ್ತಿದ್ದರು. ಇದನ್ನು ಮುಚ್ಚಿಡಬೇಕಾಗಿಲ್ಲ.

ಒಂದು ದಿನ ಗುರುಗಳು ಇಬ್ಬರನ್ನೂ ಕೂರಿಸಿ ಹೇಳಿದರು. ರಕ್ತಸಾಕ್ಷಿಗಳು ಈಗ ಧನ್ಯರು ಮಾತ್ರ, ಸಂತರಾಗಲು ಇನ್ನೊಂದು ಮೆಟ್ಟಿಲು ಇದೆ. ಅವರ ಹೆಸರಿನಲ್ಲಿ ಒಂದು ಕಾಯಿಲೆ ವಾಸಿಯಾದದ್ದು ನಿಜ ಎಂದು ಚರ್ಚಿನ ದೊಡ್ಡವರು ಬಂದು ಒಪ್ಪಬೇಕು. ವಾಸಿಯಾದದ್ದು ಹಾಗೇ ನಿಲ್ಲಬೇಕು, ಮರುಕಳಿಸಬಾರದು.

"ಎಷ್ಟು ದಿನ ನಿಲ್ಲಬೇಕು ಫಾದರ್?" ಅಂತ ಅವನು ಕೇಳಿದ.

ಗುರುಗಳು ನಕ್ಕು ಅವನ ಹೆಗಲು ತಟ್ಟಿದರು. "ಒಂದೈದು ವರ್ಷ ಗಟ್ಟಿಯಾಗಿರಪ್ಪ, ಸಾಕು. ಆಮೇಲೆ ಬೇಕಾದ್ರೆ ಸಾಯಿ."

ಮೂವರೂ ನಕ್ಕರು. ಗುರುಗಳಿಗೆ ಅದು ನಗೆಮಾತು. ಅವನಿಗೆ ಅದು ಹರಕೆಯಾಯಿತು.

ನಾಲ್ಕನೇ ವರ್ಷ ಕೆಮ್ಮು ಬಂತು.

ಅವಳಿಗೆ ತಿಳಿದದ್ದು ಸುತ್ತಿಗೆಯಿಂದ. ಛತ್ರದ ತಾರಸಿಯ ಮೇಲೆ ಚಾದರ ಒಣಹಾಕುವಾಗ ಮೇಲಿನ ಸದ್ದು ಕೇಳುತ್ತಿತ್ತು. ಅವನದು ಮೂರು ಏಟು, ಒಂದು ನಿಲುಗಡೆ. ಆ ನಿಲುಗಡೆಯಲ್ಲಿ ಪುಡಿ ಗುಡಿಸುತ್ತಿದ್ದ. ಇಪ್ಪತ್ತೈದು ವರ್ಷ ಕೇಳಿದ ಲೆಕ್ಕ ಅದು, ಉಸಿರಿನ ಹಾಗೆ ಅಭ್ಯಾಸವಾಗಿತ್ತು. ಒಂದು ಮಧ್ಯಾಹ್ನ ಲೆಕ್ಕ ತಪ್ಪಿತು. ಏಳೆಂಟು ಏಟು ಒಟ್ಟಿಗೆ, ಜೋರಾಗಿ, ಅಕ್ಷರ ಕೊರೆಯುವವನು ಹೊಡೆಯದ ಹಾಗೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಏಳೆಂಟು.

ಒದ್ದೆ ಚಾದರ ಕಲ್ಲಿನ ಮೇಲೆ ಬಿಟ್ಟು ಮೇಲೆ ಹತ್ತಿದಳು. ಹಗ್ಗದ ಒಳಗೆ ಅವನು ಬೆನ್ನು ಹಾಕಿ ಕೂತಿದ್ದ. ಉಳಿ ಅಕ್ಷರದ ಮೇಲಿರಲಿಲ್ಲ, ಒಂದು ಒಡೆದ ಕಲ್ಲಿನ ಮೇಲಿತ್ತು. ಆ ಬೇಡದ ಕಲ್ಲನ್ನು ಬಡಿಯುತ್ತಾ, ಬಡಿದ ಸದ್ದಿನೊಳಗೆ ಕೆಮ್ಮುತ್ತಿದ್ದ. ಎಡಗೈಯಲ್ಲಿ ಕರವಸ್ತ್ರ. ಕೆಂಪು.

"ಯಾವಾಗಿಂದ?" ಅಂದಳು.

"ಮೊನ್ನೆಯಿಂದ."

"ಸುಳ್ಳು."

"ಒಂದು ತಿಂಗಳಾಯ್ತು."

"ನಡೀರಿ ಆಸ್ಪತ್ರೆಗೆ."

ಅವನು ಉಳಿ ಒರೆಸಿ ಚೀಲಕ್ಕೆ ಹಾಕಿದ. "ನಾನು ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಇವರು ಐದು ಜನ ಕೆಳಗಿಳೀಬೇಕಾಗುತ್ತೆ."

"ಅವರು ಸತ್ತು ಇನ್ನೂರು ವರ್ಷ ಆಯ್ತು. ಅವರಿಗೇನ್ರೀ ಅವಸರ?"

ಅದಕ್ಕೆ ಅವನಿಗೆ ನಗು ಬಂತು. ನಗು ಹೋಗಿ ಕೆಮ್ಮಾಯಿತು, ಕೈಗೆ ಸಿಕ್ಕ ಸುತ್ತಿಗೆ ಎತ್ತಿ ಕಲ್ಲು ಬಡಿದ. ಯಾತ್ರಿಕರಿಬ್ಬರು ಹಗ್ಗದಾಚೆ ನಿಂತು, ಎಷ್ಟು ಭಕ್ತಿಯಿಂದ ಕೆಲಸ ಮಾಡ್ತಾನೆ ನೋಡು ಅಂದುಕೊಂಡು ಹೋದರು.

ಅವಳ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿದ. ಯಾರಿಗೂ ಹೇಳಬಾರದು. ಇನ್ನೊಂದು ವರ್ಷ ಅಷ್ಟೆ, ದೊಡ್ಡವರು ಬಂದು ನೋಡಿ ಬರೆದುಕೊಂಡು ಹೋದರೆ ತಾನೇ ನಡೆದು ಆಸ್ಪತ್ರೆಗೆ ಹೋಗುತ್ತೇನೆ ಅಂದ.

ಹದಿನಾಲ್ಕು ತಿಂಗಳು ಹಾಗೇ ಸಾಗಿತು. ಬಾಯಲ್ಲಿ ಸದಾ ಲವಂಗ. ಬಲಿಪೂಜೆಯಲ್ಲಿ ಎಲ್ಲರೂ ತಲೆಬಾಗಿ ಸುಮ್ಮನಾಗುವ ಗಳಿಗೆ ಇದೆಯಲ್ಲ, ಅದಕ್ಕೆ ಸ್ವಲ್ಪ ಮೊದಲೇ ಎದ್ದು ಗಂಟೆಯ ಹಗ್ಗ ನೋಡುವವನ ಹಾಗೆ ಹೊರಗೆ ಹೋಗುತ್ತಿದ್ದ. ಮನೆಯಲ್ಲಿ ಮಡಚಿದ ಕಂಬಳಿಗೆ ಮುಖ ಒತ್ತುತ್ತಿದ್ದ. ಯಾತ್ರಿಕರು ಎದೆ ಮುಟ್ಟಿದರೆ ಅಷ್ಟು ಹೊತ್ತು ಉಸಿರು ಹಿಡಿದು ನಿಲ್ಲುತ್ತಿದ್ದ, ಆಮೇಲೆ ಮುಖ ನೀಲಿ. ಅಂಗಿ ಸಡಿಲವಾಯಿತು. ಹೆಂಡತಿ ಅದರ ಎರಡೂ ಪಕ್ಕ ಹೊಲಿಗೆ ಹಾಕಿ ಬಿಗಿ ಮಾಡಿದಳು, ಜನಕ್ಕೆ ಕಾಣಬಾರದೆಂದು. ಕರವಸ್ತ್ರಗಳನ್ನು ಛತ್ರದ ಚಾದರಗಳ ನಡುವೆ ಹಾಕಿ ಒಗೆದಳು. ರಕ್ತಕ್ಕೆ ತಣ್ಣೀರೇ ಆಗಬೇಕು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

"ಪಾಪನಿವೇದನೆಯಲ್ಲಾದ್ರೂ ಫಾದರಿಗೆ ಹೇಳ್ಬಿಡಿ. ಅಲ್ಲಿ ಹೇಳಿದ್ದು ಹೊರಗೆ ಬರಲ್ಲ."

"ಕೆಮ್ಮು ಪಾಪನಾ?"

"ಮುಚ್ಚಿಡೋದು?"

ಅವನು ಗೋಡೆ ಕಡೆ ತಿರುಗಿದ. "ಅವರ ಕುತ್ತಿಗೆ ಮೇಲೆ ಕತ್ತಿ ಇಟ್ಟಾಗ ಅವರು ಕೆಮ್ಮಿದ್ರಾ? ನನ್ನದೇನು ಮಹಾ."

ಅವಳು ಹೇಳಬಹುದಿತ್ತು. ಗುರುಗಳ ಕೋಣೆ ಛತ್ರದಿಂದ ಮೂವತ್ತು ಹೆಜ್ಜೆ. ದಿನಾ ಒಗೆದ ಬಟ್ಟೆ ಕೊಡಲು ಅಲ್ಲಿಗೇ ಹೋಗುತ್ತಿದ್ದಳು. "ನಮ್ಮ ಪವಾಡ ಹೇಗಿದ್ದಾನಮ್ಮ?" ಎಂದು ಅವರು ಕೇಳುತ್ತಿದ್ದರು. "ಇದ್ದಾರೆ ಫಾದರ್" ಅನ್ನುತ್ತಿದ್ದಳು. ಆಣೆ ಇತ್ತು, ಸರಿ. ಆಣೆ ಒಂದೇ ಅಲ್ಲ. ಮತ್ತೆ ಬರೀ ಚಾದರ ಒಗೆಯುವವಳಾಗಲು ಮನಸ್ಸು ಬರಲಿಲ್ಲ.

ಐದು ವರ್ಷ ತುಂಬಲು ಇಪ್ಪತ್ತು ದಿನ ಇತ್ತು. ಮಧ್ಯಾಹ್ನ ಕೆಲಸ ಮುಗಿಸಿ ಇಳಿಯುವಾಗ ಮೆಟ್ಟಿಲಿನ ನಡುವೆ ಬಿದ್ದ. ಹೂವಿನವಳು ಕಂಡು ಕೂಗಿದಳು. ಜನ ಸೇರುವಷ್ಟರಲ್ಲಿ ಉಸಿರು ನಿಂತಿತ್ತು. ಬಾಯಿಂದ ರಕ್ತ ಹರಿದು ಕೆಳಗಿನ ಮೂರು ಮೆಟ್ಟಿಲು ಒದ್ದೆಯಾಗಿತ್ತು.

ಮೊದಲು ಓಡಿಬಂದವಳು ತಂಗಿ. "ಕಾಲು ಜಾರಿತು" ಅಂದಳು. "ಅಯ್ಯೋ, ನಮ್ಮಣ್ಣ ಕಾಲು ಜಾರಿ ಬಿದ್ದ." ಅವಳು ನೋಡಿರಲಿಲ್ಲ. ಆದರೂ ಅದು ಬಾಯಿಂದ ಬಾಯಿಗೆ ಹೋಗಿ ಹೂವಿನವಳೂ ಅದನ್ನೇ ಹೇಳಿದಳು. ಗುರುಗಳೂ ನಂಬಿದರು. ನಂಬದೆ ಇರಲು ಅವರಿಗೆ ಕಾರಣವಿರಲಿಲ್ಲ.

ಹೆಣ ತೊಳೆದವಳು ಹೆಂಡತಿ. ತಲೆಯಿಂದ ಕಾಲಿನವರೆಗೆ ನೋಡಿದಳು. ಮೊಣಕೈ ತರಚಿತ್ತು, ಅಷ್ಟೆ. ಬೇರೆ ಗಾಯ ಇರಲಿಲ್ಲ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದಿತ್ತು. ಒಳ್ಳೆಯ ಅಂಗಿ ಹಾಕಿ ಕುತ್ತಿಗೆವರೆಗೆ ಗುಂಡಿ ಹಾಕಿದಳು. ರಕ್ತಸಾಕ್ಷಿಗಳ ಕೈಯಿಂದ ಗುಣಹೊಂದಿದವನು ಎಂದು ಹೇಳಿ ಮಣ್ಣು ಮಾಡಿದರು. ಅವಳು ಕೇಳುತ್ತಾ ನಿಂತಿದ್ದಳು.

ಎಂಟು ತಿಂಗಳ ಮೇಲೆ ದೊಡ್ಡವರು ಬಂದರು. ವಯಸ್ಸಾದ ಒಬ್ಬ ಗುರುಗಳು, ವಿಚಾರಣೆ ನಡೆಸುವವರು. ಜೊತೆಗೆ ಟೈಪ್ ಮಾಡುವ ಗುಮಾಸ್ತ. ಡಾಕ್ಟರು, ಊರಿನ ನಾಲ್ಕು ಜನ, ತಂಗಿ, ಎಲ್ಲರೂ ಹೋಗಿ ಹೇಳಿ ಬಂದರು. ಕೊನೆಗೆ ಅವಳ ಸರದಿ. ಹಿಂದಿನ ದಿನ ತಂಗಿ ಮನೆಗೆ ಬಂದಳು.

"ಅತ್ತಿಗೆ, ಕಾಲು ಜಾರಿತು ಅಂದ್ರೆ ಮುಗೀತು. ಜಾಸ್ತಿ ಮಾತು ಬೇಡ. ನಿನಗೆ ಮಾತು ಬರಲ್ಲ."

"ನಿನಗೆ ಗೊತ್ತಿತ್ತಾ?"

"ಏನು?"

"ಕೆಮ್ಮು."

ತಂಗಿ ಸೆರಗು ಸರಿಮಾಡಿಕೊಂಡಳು. "ನಮ್ಮಣ್ಣಂಗೆ ಕೆಮ್ಮು ಇರಲಿಲ್ಲ."

ವಿಚಾರಣೆಯ ಕೋಣೆಯಲ್ಲಿ ಮೇಜು, ನಾಲ್ಕು ಕುರ್ಚಿ, ಗೋಡೆಗೆ ಒಂದು ಬೀರು. ಊರಿನ ಗುರುಗಳು ಒಂದು ಬದಿಯಲ್ಲಿ ಕೂತಿದ್ದರು. ಶುಭಸಂದೇಶದ ಪುಸ್ತಕದ ಮೇಲೆ ಅವಳ ಕೈ ಇರಿಸಿದರು. ನೀರಿನಲ್ಲೇ ಇದ್ದ ಕೈ, ಬೆರಳ ತುದಿ ಬಿಳಚಿಕೊಂಡು ಸುಕ್ಕಾಗಿತ್ತು. ಕಾಯಿಲೆ ಯಾವಾಗ ಬಂತು, ಡಾಕ್ಟರು ಏನಂದರು, ಯಾವ ದಿನ ಎದ್ದ, ಎಲ್ಲ ಕೇಳಿದರು. ಎಲ್ಲಕ್ಕೂ ಇದ್ದದ್ದು ಹೇಳಿದಳು. ಗುಮಾಸ್ತ ಟಕಟಕ ಹೊಡೆದ.

"ಅಂದಿನಿಂದ ಸಾಯುವ ತನಕ ಆರೋಗ್ಯವಾಗಿದ್ದರು, ಅಲ್ಲವಾ?" ಅಂದರು ಹಿರಿಯ ಗುರುಗಳು.

ಅವಳು ಪುಸ್ತಕ ನೋಡಿದಳು. ಅವನ ತಲೆಯ ಮೇಲೆ ಕೈ ಇಟ್ಟು ಮಾಡಿದ ಆಣೆ ಒಂದು ಕಡೆ, ಇದು ಒಂದು ಕಡೆ. ಆ ತಲೆ ಈಗ ಮಣ್ಣಿನಲ್ಲಿತ್ತು.

"ಇಲ್ಲ," ಅಂದಳು. "ಮೂರೂವರೆ ವರ್ಷ ಚೆನ್ನಾಗಿದ್ದರು. ಆಮೇಲೆ ಹಳೇ ಕೆಮ್ಮೇ ಬಂತು. ರಕ್ತ ಬಂತು. ಅದರಿಂದಲೇ ಸತ್ತರು. ಕಾಲು ಜಾರಲಿಲ್ಲ."

ಗುಮಾಸ್ತನ ಕೈ ನಿಂತಿತು. ಊರಿನ ಗುರುಗಳು ಕುರ್ಚಿಯಿಂದ ಅರ್ಧ ಎದ್ದರು.

"ಯಾರಿಗೂ ಯಾಕೆ ಹೇಳಲಿಲ್ಲಮ್ಮ?" ಹಿರಿಯರ ದನಿ ಏರಲಿಲ್ಲ.

"ಐದು ವರ್ಷ ನಿಲ್ಲಬೇಕು ಅಂದಿದ್ರಲ್ಲ. ಅವರು ಆಸ್ಪತ್ರೆಗೆ ಹೋದ್ರೆ ಇವರು ಸಂತರಾಗಲ್ಲ ಅಂತ."

"ಯಾರು ಅಂದಿದ್ದು?"

ಅವಳು ಊರಿನ ಗುರುಗಳನ್ನು ನೋಡಿದಳು.

"ನಾನಾ?" ಅಂದರು ಅವರು. "ನಾನು ಅಂದೆನಾ?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಸುಳ್ಳು ಹೇಳುವವರ ಮುಖ ಅವಳು ನೋಡಿ ಬಲ್ಲಳು, ಇದು ಅದಲ್ಲ. ಅವರು ಎದ್ದು ಬೀರು ತೆರೆದರು. ಒಳಗೆ ನೂಲಿನಿಂದ ಕಟ್ಟಿದ ಫೈಲುಗಳು ಒಂದರ ಮೇಲೊಂದು ಇದ್ದವು.

"ನೋಡಮ್ಮ. ಇನ್ನೂ ಏಳು ಜನರದ್ದು ಇಲ್ಲಿದೆ. ಕಣ್ಣು ಬಂದವರು, ನಡೆದವರು. ನಿನ್ನ ಗಂಡಂದು ಆಗದಿದ್ರೆ ಇನ್ನೊಂದು ಕಳಿಸ್ತಿದ್ವಿ. ಅದೂ ಆಗದಿದ್ರೆ ಮುಂದಿನೋರ ಕಾಲಕ್ಕೆ. ಒಂದು ಮಾತು ಹೇಳಿದ್ರೆ ನಾನೇ ಗಾಡಿ ಮಾಡಿ ಕರ್ಕೊಂಡು ಹೋಗ್ತಿದ್ದೆ. ಅವನು ಬದುಕಬೇಕು ಅಂತ ತಾನೇ ನಾವೆಲ್ಲ ಪ್ರಾರ್ಥನೆ ಮಾಡಿದ್ದು."

ಏಳು. ಅವಳು ಎಣಿಸಿದಳು, ಏಳೇ ಇದ್ದವು. ಗುರುಗಳ ಕಣ್ಣಲ್ಲಿ ನೀರಿತ್ತು. ಅವಳಿಗೆ ಬರಲಿಲ್ಲ.

ಹಿರಿಯರು ಗುಮಾಸ್ತನಿಗೆ ಸನ್ನೆ ಮಾಡಿದರು. ಅವನು ಟೈಪ್ ಹೊಡೆದು ಓದಿದ. "ಹಳೆಯ ಶ್ವಾಸಕೋಶದ ಕಾಯಿಲೆ ಮರುಕಳಿಸಿ ಮರಣ ಹೊಂದಿದರು. ಇಷ್ಟೇ ತಾನೇ?"

"ಇಷ್ಟೇ ಅಲ್ಲ," ಅಂದಳು. "ಹದಿನಾಲ್ಕು ತಿಂಗಳು ಅಂತ ಬರೀರಿ. ಸುತ್ತಿಗೆ ಸದ್ದಿನ ಜೊತೆ ಕೆಮ್ತಿದ್ರು, ಯಾರಿಗೂ ಕೇಳಿಸ್ಲಿಲ್ಲ ಅಂತ ಬರೀರಿ."

"ಅದು ಇದಕ್ಕೆ ಬೇಕಾಗಲ್ಲಮ್ಮ," ಅಂದ ಗುಮಾಸ್ತ.

"ಬರಿ," ಅಂದರು ಹಿರಿಯರು.

ಬರೆದ. ಅವಳು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಒತ್ತಿ, ತನ್ನ ಹೆಸರು ಬರೆದಳು.

ಹೊರಗೆ ತಂಗಿ ಕಂಬಕ್ಕೆ ಒರಗಿ ಕಾಯುತ್ತಿದ್ದಳು. ಇವಳ ಮುಖ ನೋಡಿ ಎಲ್ಲ ತಿಳಿದುಕೊಂಡಳು.

"ಹೇಳ್ಬಿಟ್ಟೆಯಾ?"

"ಹೇಳಿದೆ."

"ಅವನು ಒಂದು ಮಾತು ಕೇಳ್ಕೊಂಡಿದ್ದ ನಿನ್ನ ಹತ್ರ. ಒಂದೇ ಒಂದು. ನಮ್ಮಣ್ಣನ್ನ ಎರಡನೇ ಸಲ ಸಾಯಿಸಿದೆ ನೀನು."

"ಮೊದಲನೇ ಸಲ ಸಾಯಿಸಿದ್ದೂ ನಾನೇ," ಅಂದಳು ಅವಳು. "ಒಳಗೆ ಅದನ್ನ ಯಾರೂ ಕೇಳಲಿಲ್ಲ."

ತಂಗಿ ಸೆರಗು ಹೊದ್ದು ನಡೆದುಬಿಟ್ಟಳು. ಆಮೇಲೆ ಅವರಿಬ್ಬರೂ ಮಾತಾಡಿದ್ದಿಲ್ಲ.